ಬಲಗಡೆಯ ಅಂಚು

“ಈ ಬೆರಳು ಯಾಕ ಬಿಚ್ಚವಲ್ಲವು?”

ಪ್ರಮಿಳಾ ಕೇಳಿದ್ದು ಯಾರನ್ನೂ ಅಲ್ಲ. ಗಂಡನ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು, ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒಂದೊಂದೇ ಬೆರಳನ್ನು ನೀವುತ್ತಿದ್ದಳು. ಬೆರಳುಗಳು ಏನನ್ನೋ ಮುಚ್ಚಿ ಹಿಡಿದಂತೆ ಬಾಗಿದ್ದವು. ತೋರುಬೆರಳು ಮಾತ್ರ ತುಸು ಮುಂದಕ್ಕೆ ಚಾಚಿತ್ತು.

“ಅದು ಮೌಸ್ ಹಿಡದ ಕೈ ವೈನಿ,” ಅಂದ ಬಾಗಿಲಲ್ಲಿ ನಿಂತಿದ್ದ ಸಿದರಾಯ. ಅವಳ ಗಂಡ ನಾಗಲಿಂಗನೂ ಅವನೂ ಒಂದೇ ಕಾರ್ಖಾನೆಯಲ್ಲಿ ಕೂದಲು ಬೆಳ್ಳಗಾಗಿಸಿಕೊಂಡವರು.

ಅನಗೋಳದ ಆ ಸಣ್ಣ ಮನೆಯ ಪಡಸಾಲೆಯಲ್ಲಿ ನಾಗಲಿಂಗನನ್ನು ಗೋಡೆಗೆ ಆನಿಸಿ ಕುರ್ಚಿಯಲ್ಲಿ ಕೂರಿಸಿದ್ದರು. ಕೂರಿಸಲು ಕಷ್ಟವಾಗಿರಲಿಲ್ಲ. ಬೆಳಗಿನ ಚಹಾ ಕುಡಿದು ಕಂಪ್ಯೂಟರಿನ ಮುಂದೆ ಕೂತವನು ಕೂತಲ್ಲೇ ಹೋಗಿದ್ದ.

“ಪುಣ್ಯವಂತ,” ಅಂದರು ಸಂಸ್ಕಾರಕ್ಕೆ ಬಂದಿದ್ದ ಕಲ್ಲಯ್ಯನವರು, ವಿಭೂತಿಯ ಗಟ್ಟಿಯನ್ನು ತೇಯುತ್ತ. “ಮಲಗಿದವ್ರನ್ನ ಎಬ್ಬಿಸಿ ಕುಂದರಸಾಕ ಎಷ್ಟು ತ್ರಾಸ ಪಡತಾರ ಮಂದಿ. ಇಂವ ತಾನ ಕುಂತ ಕೊಟ್ಟಾನ. ಲಿಂಗ ಹಿಡ್ಯಾಕ ಎಡಗೈ ಬಿಚ್ಚೇತಿ, ಅಷ್ಟು ಸಾಕು. ಬಲಗೈ ಬಿಡ್ರಿ ತಾಯಿ.”

ಪ್ರಮಿಳಾ ಬಿಡಲಿಲ್ಲ. ಬಟ್ಟೆಯನ್ನು ಮತ್ತೆ ನೀರಿಗೆ ಅದ್ದಿದಳು.

ಒಳಕೋಣೆಯಲ್ಲಿ ಲ್ಯಾಪ್‌ಟಾಪು ಇನ್ನೂ ಉರಿಯುತ್ತಿತ್ತು. ಮಗಳು ಸೃಷ್ಟಿ ಬೆಳಗಿನಿಂದ, ದೀಪಕ್ಕೆ ಎಣ್ಣೆ ಹೊಯ್ಯುವವರಂತೆ, ಆಗಾಗ ಬಂದು ಅದರ ಕೀಲಿಯೊಂದನ್ನು ಮುಟ್ಟಿ ಹೋಗುತ್ತಿದ್ದಳು. ಪರದೆ ಆರಬಾರದು. ಪ್ರಸಾದ ಬಂದ ಕೂಡಲೇ ಅವನನ್ನು ಅಲ್ಲಿಗೆ ಕರೆದೊಯ್ದಳು. ಪ್ರಸಾದ ಹುಡುಗನಾಗಿದ್ದಾಗ ನಾಗಲಿಂಗನ ಕೈಕೆಳಗೆ ಉಳಿ ಹಿಡಿಯಲು ಕಲಿತವನು. ಈಗ ಉದ್ಯಮಬಾಗದಲ್ಲಿ, ಕಂಪ್ಯೂಟರಿನಲ್ಲಿ ಬರೆದದ್ದನ್ನು ಬರೆದಂತೆ ಕೊರೆಯುವ ಯಂತ್ರ ಇಟ್ಟುಕೊಂಡಿದ್ದ.

“ಇಕಾ ನೋಡ್ರಿ ಪ್ರಸಾದಣ್ಣ. ಎಡಗಡೆ ಬ್ಯಾರೆ ಐತಿ, ಬಲಗಡೆ ಬ್ಯಾರೆ ಐತಿ. ಹೌದಲ್ಲ?”

ಪರದೆಯ ಮೇಲೆ ಉದ್ದನೆಯ ಬಿಳಿ ಹಲಗೆ. ಮೂತಿ ತುಸು ಮೇಲೆದ್ದಿತ್ತು. ಎಡ ಅಂಚು ಬೆರಳಿಟ್ಟರೆ ಜಾರುವಷ್ಟು ದುಂಡಗಿತ್ತು. ಬಲ ಅಂಚು ಚೂಪಾಗಿ ಓರೆಯಾಗಿತ್ತು.

“ಎಡಗಡೆ ತಿದ್ಯಾರ,” ಅಂದ ಪ್ರಸಾದ. ಪರದೆಗೆ ಇನ್ನಷ್ಟು ಬಗ್ಗಿ, “ಇವತ್ತು ಮುಂಜಾನೆ ತಿದ್ಯಾರ,” ಅಂದ.

“ಬಲಗಡೆ?”

“ಅಷ್ಟರಾಗ...”

“ಅದನ್ನ ಮುಗಸಾಕ ಎಷ್ಟೊತ್ತು ಬೇಕು?”

“ಹೊತ್ತೇನ ಬ್ಯಾಡ. ಇದರಾಗ ಕನ್ನಡಿ ಅಂತ ಒಂದು ಹುಕುಂ ಐತಿ. ಎಡಗಡೆ ಇದ್ದಂಗ ಬಲಗಡೆ ಮಾಡಂದ್ರ ಮಾಡತೈತಿ. ಒಮ್ಮೆ ಒತ್ತಿದ್ರಾತು.”

ಸೃಷ್ಟಿ ಅವನ ಕಡೆ ತಿರುಗಿದಳು. “ಹಂಗಾರ ಒತ್ರಿ. ಒತ್ತಿ, ಕೊರದು ಕೊಡ್ರಿ. ಫೋಮಿನ ದಿಮ್ಮಿ ತರಿಸೀನಿ ಅಂತ ನೀವ ಅಂದಿದ್ರಿ. ಅಪ್ಪ ಮಾಡಿದ್ದೊಂದು ಸಾಮಾನು ಈ ಮನ್ಯಾಗ ಇಲ್ಲ ಪ್ರಸಾದಣ್ಣ. ಹುಡುಕಿದೆ. ಒಂದೂ ಇಲ್ಲ.”

ಹೊರಗೆ ಗಾಡಿಯ ಹಾರ್ನು ಕೇಳಿಸಿತು.

“ಮೊದಲ ಮಣ್ಣಿಗೆ ಖಾನಾಪುರ ಮುಟ್ಟೂಣು,” ಅಂದ ಪ್ರಸಾದ. ಹೊರಡುವ ಮುಂಚೆ, ಇದ್ದದ್ದನ್ನು ಇದ್ದಂತೆ ಉಳಿಸಿ, ಲ್ಯಾಪ್‌ಟಾಪು ಮುಚ್ಚಿದ.

*

ನಾಗಲಿಂಗ ಪ್ಯಾಟರ್ನ್ ಕೆತ್ತುತ್ತಿದ್ದ. ಪ್ಯಾಟರ್ನ್ ಎಂದರೆ ಎರಕದ ಕೆಲಸದಲ್ಲಿ ಎಲ್ಲಕ್ಕಿಂತ ಮೊದಲು ಹುಟ್ಟುವ ಕಟ್ಟಿಗೆಯ ರೂಪ. ಅದನ್ನು ಉಸುಕಿನಲ್ಲಿ ಊರಿ, ಸುತ್ತಲೂ ಅದುಮಿ, ಮೇಲೆತ್ತುತ್ತಾರೆ. ಅದು ಬಿಟ್ಟುಹೋದ ಪೊಳ್ಳಿನಲ್ಲಿ ಕಾದ ಕಬ್ಬಿಣ ಸುರಿಯುತ್ತಾರೆ. ಎತ್ತುವಾಗ ಉಸುಕು ಕುಸಿಯಬಾರದೆಂದು ಬದಿಗಳನ್ನು ಕೊಂಚ ಓರೆಯಾಗಿ ಕೆತ್ತಬೇಕು. ಆ ಓರೆ ನಾಗಲಿಂಗನ ಕೈಗೆ ಅಳತೆಯಿಲ್ಲದೆ ಬರುತ್ತಿತ್ತು. ಪಂಪಿನ ಹೊಟ್ಟೆ, ಮೋಟಾರಿನ ಮುಚ್ಚಳ, ಎಲ್ಲ ಕಬ್ಬಿಣವಾಗಿ ಊರೂರಿಗೆ ಹೋದವು. ಕಟ್ಟಿಗೆಯದು ಗೋದಾಮಿನ ಮೂಲೆಗೆ, ಅಲ್ಲಿಂದ ಒಲೆಗೆ.

ಕಂಪ್ಯೂಟರಿನಲ್ಲಿ ಬರೆಯಬಲ್ಲವರಷ್ಟೇ ಇನ್ನು ಸಾಕು ಎಂದು ಕಾರ್ಖಾನೆ ಹೇಳಿದ ಮೇಲೆ ಅವನು ಮಗಳ ಹಳೆಯ ಲ್ಯಾಪ್‌ಟಾಪಿನ ಮುಂದೆ ಕೂತ. ಹೊಸಬರಿಗೆಂದು ಮಾಡಿದ ವಿಡಿಯೋದಲ್ಲಿ ಮೊದಲ ಪಾಠವೇ ಸರ್ಫ್‌ಬೋರ್ಡ್ ಆಗಿತ್ತು. ಬೇರೆ ಪಾಠ ಹುಡುಕಲು ಅವನಿಗೆ ಬರುತ್ತಿರಲಿಲ್ಲ.

ಗೆರೆ ಎಳೆದರೆ ಗೆರೆ ಓಡಿಹೋಗುತ್ತಿತ್ತು. ಮೌಸು ಮೇಜಿನ ತುದಿಗೆ ಬಂದರೆ ಅದನ್ನು ಎತ್ತಿ ಹಿಂದಿಡಬಹುದೆಂದು ತಿಳಿಯದೆ ಮೇಜನ್ನೇ ಬದಲಿಸಿ ದೊಡ್ಡದು ತಂದ. ಕೆಟ್ಟ ಗೆರೆಯನ್ನು ಹಿಂದಕ್ಕೆ ತರಬಹುದೆಂದು ಗೊತ್ತಾದ ದಿನ ರವಿವಾರಪೇಟೆಗೆ ಹೋಗಿ ಬರುವಾಗ ಮನೆಗೆ ಸಿಹಿಯೆಂದು ಕುಂದಾ ಕಟ್ಟಿಸಿಕೊಂಡು ಬಂದಿದ್ದ.

“ಕಟ್ಟಿಗ್ಯಾಗ ಇದಿಲ್ಲ ನೋಡವಾ,” ಅಂದಿದ್ದ ಮಗಳಿಗೆ. “ಅಲ್ಲಿ ಕೆತ್ತಿದ್ದು ಕೆತ್ತಿದ್ದ.”

ಪ್ರಮಿಳಾ ಬಗ್ಗಿ ನೋಡಿದ್ದಳು. “ಏನ್ರೀ ಇದು, ಮೀನೇನು?”

“ಹಲಗಿ. ಸಮುದ್ರದಾಗ ತೆರಿ ಬಂತಂದ್ರ ಇದರ ಮ್ಯಾಲ ನಿಂತ ಹೋಗತಾರ.”

“ಸಿಟಿ ಬಸ್ಸಿನ್ಯಾಗ ನಿಂತ ಹೋಗಾಕ ಆಗೂದಿಲ್ಲ ನಿಮಗ. ತೆರಿ ಮ್ಯಾಲ ನಿಂದರತೀರಿ!”

“ನಾ ಯಾಕ ನಿಂದರಲಿ. ಯಾರರೆ ನಿಂದರತಾರ.” ಅವನು ಪರದೆಯಿಂದ ಕಣ್ಣು ತೆಗೆಯಲಿಲ್ಲ. “ಇದು ಉಸುಕಿನ್ಯಾಗ ಊರಿ ತಗಿಯೂದಲ್ಲ ನೋಡ. ನಾ ಮಾಡಿದ್ದ ನೀರಿಗಿ ಹೋಗತೈತಿ.”

*

ಗಾಡಿ ಉದ್ಯಮಬಾಗದ ಕಾರ್ಖಾನೆಗಳನ್ನು ದಾಟುವಾಗ ಸಿದರಾಯ ಡ್ರೈವರನ ಬೆನ್ನು ತಟ್ಟಿದ. “ಸಾವಕಾಶ ಹೊಡಿಯೋ. ಮನಷಾ ಇಲ್ಲೇ ಸವದಾನ.”

ಹಿಂದೆ, ಹೂವಿನ ನಡುವೆ, ನಾಗಲಿಂಗ ಕೂತಿದ್ದ. ಅವನ ಭುಜಕ್ಕೆ ಕೈಯಾನಿಸಿ ಸೃಷ್ಟಿ ಕೂತಿದ್ದಳು. ರಸ್ತೆಯ ಗುಂಡಿಗೆ ಗಾಡಿ ಕುಪ್ಪಳಿಸಿದಾಗ ಅವನ ತಲೆ ಹೌದೆಂಬಂತೆ ಅಲುಗುತ್ತಿತ್ತು.

“ಆ ಬಲಗಡೆ ಅಂಚು ಹಂಗ್ಯಾಕೈತೋ?” ಮನೆಯಲ್ಲಿ ಪರದೆ ಇಣುಕಿ ನೋಡಿದ್ದ ಸಿದರಾಯ ಬಾಜು ಕೂತ ಪ್ರಸಾದನಿಗೆ ಪಿಸುಗುಟ್ಟಿದ.

“ಉಸುಕಿನಿಂದ ಎತ್ತಾಕ ಓರೆ ಕೊಟ್ಟಾರ ಕಾಕಾ.”

“ಹಾಂ?” ಸಿದರಾಯನಿಗೆ ನಗೆ ಬಂತು. ಟವೆಲಿನಿಂದ ಬಾಯಿ ಒತ್ತಿಕೊಂಡ. “ಫೋಮಿಗೆ ಓರೆ! ಲೇ ನಾಗ್ಯಾ...” ಭುಜ ಕುಲುಕುತ್ತಲೇ ಇತ್ತು. ನಗೆ ಯಾವಾಗ ಮುಗಿಯಿತೆಂದು ಪ್ರಸಾದನಿಗೆ ತಿಳಿಯಲಿಲ್ಲ.

“ನಿನ್ನಿ ಅವರು ಬರದು ಕಳಸಿದ್ದು ನೋಡಿ ಸಂಜಿಕ ನಾ ಫೋನ್ ಮಾಡಿದ್ದೆ,” ಅಂದ ಪ್ರಸಾದ. “ಮಿಸ್ತ್ರೀ, ಇದು ತಪ್ಪೈತಿ, ಅಂಚು ನೀರ ಕಡೀತೈತಿ, ನಿಂತವ ಬೀಳ್ತಾನ ಅಂದೆ. ಹೌದಲ್ಲೋ ಅಂದ್ರು. ಆಮ್ಯಾಲ ಅಂದ್ರು, ಕೈ ಕೇಳೂದಿಲ್ಲೋ ಪ್ರಸಾದ, ತಾನ ಓರೆ ಹೋಗತೈತಿ, ಅಂತ.”

“ಇದ್ದದ್ದ ಅಂದಿ. ನಿಂದೇನೈತಿ ಅದರಾಗ?”



*

ಅರ್ಧ ಬರೆದರೆ ಸಾಕೆಂದು ಪ್ರಸಾದ ಮೊದಲೇ ಹೇಳಿಕೊಟ್ಟಿದ್ದ. ನಾಗಲಿಂಗ ಲ್ಯಾಪ್‌ಟಾಪನ್ನು ಚೀಲದಲ್ಲಿಟ್ಟುಕೊಂಡು ಅವನ ವರ್ಕ್‌ಶಾಪಿಗೆ ಬಂದಿದ್ದ.

“ಒಂದ ಬಾಜು ಬರೀರಿ ಮಿಸ್ತ್ರೀ. ಇನ್ನೊಂದು ಅದ ಮಾಡಕೋತೈತಿ.”

“ಅದ ಮಾಡಿದ್ರ ನಂದೆಷ್ಟು?”

“ಎಲ್ಲಾರೂ ಹಂಗ ಮಾಡತಾರ್ರಿ.”

“ಮಾಡಲಿ.” ನಾಗಲಿಂಗ ಪರದೆಯ ಮೇಲೆ ಅಂಗೈ ಇಟ್ಟು ಬಲ ಅರ್ಧವನ್ನು ಮುಚ್ಚಿದ, ತೆಗೆದ. “ಎರಡೂ ಬಾಜು ನಾ ಬರೀತೀನಿ. ಹೊಂದಲಿಲ್ಲಂದ್ರ ನಂದ ತಪ್ಪು. ಹೊಂದಿತಂದ್ರ ಅದೂ ನಂದ.”

“ವರ್ಷ ಹಿಡೀತೈತಿ ಹಂಗಾದ್ರ!”

“ನನಗೇನ ಅವಸರೈತೋ, ಹುಚ್ಚಾ.”

*

ಖಾನಾಪುರದ ಅಂಚಿನಲ್ಲಿದ್ದ ಅವರ ಹೊಲದ ಮೂಲೆಯಲ್ಲಿ ಕುಣಿ ಸಿದ್ಧವಾಗಿತ್ತು. ಒಳಗೆ, ಗೋಡೆಯಲ್ಲಿ, ಮನುಷ್ಯ ಕೂರುವಷ್ಟು ಗೂಡು. ನಾಗಲಿಂಗನ ಅಕ್ಕ ಭೀಮಕ್ಕ ದಾರಿಯಲ್ಲೇ ಎದುರಾಗಿ ತಮ್ಮನ ಮುಂದೆ ನಿಂತು ಬೈಯತೊಡಗಿದಳು.

“ಪಂಚಮಿಗಿ ಬಾ ಅಂದ್ರ ಕಂಪೂಟರ ಕಲ್ಯಾಕತ್ತೀನಿ ಅಂದಿ. ದೀಪಾವಳಿಗಿ ಬಾ ಅಂದ್ರ ಅದನ್ನ ಅಂದಿ. ಕಲತಿಯೇನೋ? ಏನ ಕಲತಿ, ಹೇಳೋ ನನಗ!”

ಕಲ್ಲಯ್ಯನವರು ಕುಣಿಯೊಳಗೆ ಇಳಿದರು. ಎಡ ಅಂಗೈಯಲ್ಲಿ ಲಿಂಗವಿಟ್ಟು, ಹಣೆಗೆ ವಿಭೂತಿ ಹಚ್ಚಿ, ತಗ್ಗಿದ ದನಿಯಲ್ಲಿ ವಚನ ಹೇಳಿದರು. ಮೇಲೆ ನಿಂತವರಿಗೆ ಶಬ್ದ ಕೇಳಲಿಲ್ಲ, ಲಯವಷ್ಟೇ ಕೇಳಿತು. ಬಿಲ್ವ, ಉಪ್ಪು, ಆಮೇಲೆ ಮಣ್ಣು. ಗೂಡು ಮುಚ್ಚುವಾಗ ಸಿದರಾಯ ತಡೆಯಲಾರದೆ ಕೆಳಗಿಳಿದು, ಆಯುಷ್ಯವೆಲ್ಲ ಉಸುಕು ಅದುಮಿದ ಮುಷ್ಟಿಯಿಂದ ಮಣ್ಣನ್ನು ಅದುಮತೊಡಗಿದ. “ಪೊಳ್ಳ ಉಳೀಬಾರದು,” ಅನ್ನುತ್ತಿದ್ದ. “ಎಲ್ಲೂ ಪೊಳ್ಳ ಉಳೀಬಾರದು.” ಕೊನೆಗೆ ಪ್ರಸಾದನೇ ಅವನನ್ನು ಮೇಲೆತ್ತಿದ.

ಜನ ಕೈಕಾಲು ತೊಳೆಯಲು ಬಾವಿಯ ಕಡೆ ನಡೆದರು. ಸೃಷ್ಟಿ ಪ್ರಸಾದನಿಗೆ ಅಡ್ಡ ನಿಂತಳು.

“ನಾಳಿ ಬ್ಯಾಡ. ಇವತ್ತ ಬಂದು ಒತ್ರಿ.”

“ಒತ್ತಿದ್ರ ಬಲಗಡೆದು ಅಳಿಸಿ ಹೋಗತೈತಿ ಸೃಷ್ಟಿ. ಅವರು ಕೈಯಾರೆ ಬರದಿದ್ದು.”

“ಅದು ತಪ್ಪಂತ ನೀವ ಅಂದ್ರಿ.”

“ಅಂದೆ.”

“ಹಂಗಾರ ಇದ್ದಂಗ ಕೊರೀರಿ.”

“ನಿಂತವ ಬೀಳ್ತಾನ.”

“ಯಾರು ನಿಂದರತಾರ ಅದರ ಮ್ಯಾಲ? ಮನ್ಯಾಗ ಗ್ವಾಡಿಗಿ ಆನಿಸಿ ಇಟ್ಕೋತೀವಿ.”

“ಗ್ವಾಡಿಗಿ ಆನಸಾಕ ಮಾಡಿದ್ದಿಲ್ಲ ಅವರು.”

ಸೃಷ್ಟಿ ಒಂದು ಹೆಜ್ಜೆ ಮುಂದೆ ಬಂದಳು. “ನೀವು ಒತ್ತಬ್ಯಾಡ್ರಿ. ಎಲ್ಲಿ ಒತ್ತಬೇಕು, ಅಷ್ಟ ಹೇಳ್ರಿ. ನಾ ಒತ್ತತೀನಿ.”

ಪ್ರಮಿಳಾ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಬಂದು ಮಗಳ ಬಾಜು ನಿಂತಳು. ಏನು ನಡೆದಿದೆಯೆಂದು ಕೇಳಲಿಲ್ಲ.

“ಹೇಳೋ ತಮ್ಮಾ,” ಅಂದಳು. “ಅಷ್ಟ ಕೇಳಾಕತ್ತೈತಿ ಹುಡುಗಿ. ಹೇಳಿಬಿಡು.”

ಪ್ರಸಾದನ ಕೈಗಳಿಗೆ ಮೊಣಕೈವರೆಗೆ ಕೆಂಪು ಮಣ್ಣು ಮೆತ್ತಿತ್ತು. ಛಡಿ ಕಂಡ ಶಾಲೆಯ ಹುಡುಗನಂತೆ ಅವನು ಎರಡನ್ನೂ ಬೆನ್ನ ಹಿಂದಕ್ಕೆ ಒಯ್ದು, ಒಂದರಿಂದ ಇನ್ನೊಂದನ್ನು ಬಿಗಿಯಾಗಿ ಹಿಡಿದುಕೊಂಡ.

“ಇಲ್ಲ ಕಾಕೂ,” ಅಂದ. “ಹೇಳಂಗಿಲ್ಲ.”