ಲೆಕ್ಕಕ್ಕಿಲ್ಲದ ಎಸೆತಗಳು

ನನ್ನ ತಂಗಿಯ ಮಗಳಿಗೆ ಹದಿನಾಲ್ಕು ವರ್ಷ. ತೋಳಿನಲ್ಲಿ ಬಲವಿತ್ತು, ಗುರಿ ಮಾತ್ರ ಆ ದೇವರಿಗೇ ಪ್ರೀತಿ. ಶಾಲೆಯ ಬೇಸ್‌ಬಾಲ್ ತಂಡದಲ್ಲಿ ತಾನೇ ಚೆಂಡೆಸೆಯುವ ಪಿಚರ್ ಆಗಬೇಕೆಂದು ಹಟ. ಆಯ್ಕೆಗೆ ಮೂರು ತಿಂಗಳಿದ್ದಾಗ ತಂಗಿ ಅವಳನ್ನು ನನಗೆ ಗಂಟುಹಾಕಿದಳು.

"ಅಣ್ಣಾ, ಅಷ್ಟು ವರ್ಷ ಕ್ಯಾಚರ್ ಆಗಿದ್ದೋನು ನೀನು. ಸುಮ್ನೆ ಗೋಡೆ ನೋಡ್ಕೊಂಡು ಕೂರೋ ಬದಲು ಇವಳಿಗೆ ಹೇಳ್ಕೊಡು."

ಗೋಡೆ ನೋಡುತ್ತಿದ್ದದ್ದು ನಿಜ. ಹೆಂಡತಿ ತೀರಿಹೋಗಿ ವರ್ಷವಾಗಿತ್ತು. ಬೀಗ ತೆಗೆದು ಒಳಗೆ ಹೋದರೆ 'ಬಂದ್ರಾ?' ಎನ್ನುವವರಿಲ್ಲ. ಆ ಮೌನಕ್ಕೆ ಹೆದರುತ್ತಿದ್ದೆ, ಮುಚ್ಚುಮರೆ ಯಾಕೆ.

ಬಸ್ ಡಿಪೋದ ಹಿಂದಿನ ಬಯಲಿನಲ್ಲಿ ಎರಡು ಕಂಬ ನೆಟ್ಟು, ಮೊಣಕಾಲಿನಿಂದ ಎದೆಯ ಎತ್ತರಕ್ಕೆ ಹುರಿಯ ಚೌಕ ಕಟ್ಟಿದೆ. ಅದರೊಳಗಿಂದ ಬರುವ ಚೆಂಡು ಹಿಡಿಯಲು ಹಿಂದೆ ಗ್ಲೌಸ್ ತೊಟ್ಟು ಕುಕ್ಕರುಗಾಲಲ್ಲಿ ಕೂತೆ. ಮೊದಲ ದಿನ ಚೆಂಡು ಚೌಕವೊಂದನ್ನು ಬಿಟ್ಟು ಊರೆಲ್ಲ ಸುತ್ತಿತು.

"ಇಲ್ಲಿ ನೆಲ ಸರಿ ಇಲ್ಲ ಮಾವ."

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ. ಮುಂದಿನ ಕಾಲು ನೇರ ಇಡು," ಎಂದು ಗದರಿದೆ.

ತೋಳಿಗೆ ಕಸುವು ಬರಬೇಕಾದರೆ ಎಸೆತಗಳನ್ನು ನಿಧಾನವಾಗಿ ಏರಿಸಬೇಕು, ನಡುವೆ ಬಿಡುವು ಕೊಡಬೇಕು. ವಾರಕ್ಕೆ ಮೂರು ದಿನ, ದಿನಕ್ಕೆ ನಲವತ್ತು, ಮೇಲೆ ಒಂದೂ ಇಲ್ಲ ಎಂದು ನಾನೇ ಕಟ್ಟಪ್ಪಣೆ ಮಾಡಿದ್ದೆ. ನಲವತ್ತು ಅರ್ಧ ಗಂಟೆಯಲ್ಲಿ ಮುಗಿದುಹೋಗುತ್ತಿತ್ತು. ಆಮೇಲೆ ಅದೇ ಬೀಗ, ಅದೇ ಮನೆ. ಎರಡನೇ ವಾರ ಹೊಸ ನಿಯಮ ತಂದೆ: ಚೌಕದೊಳಗೆ ಬಂದದ್ದಷ್ಟೇ ಲೆಕ್ಕ, ಹೊರಗೆ ಹೋದದ್ದು ಲೆಕ್ಕಕ್ಕಿಲ್ಲ. ತೋಳಿಗೆ ಒಳಗೂ ಒಂದೇ, ಹೊರಗೂ ಒಂದೇ. ಅದು ನನಗೆ ಗೊತ್ತಿರಲಿಲ್ಲ ಎಂದರೆ ಸುಳ್ಳು. ನಲವತ್ತು ಮುಗಿಸಲು ಅವಳು ಎಂಬತ್ತು ತೊಂಬತ್ತು ಎಸೆಯುತ್ತಿದ್ದಳು. ಹೊತ್ತು ಮುಳುಗುವವರೆಗೆ ಟೀಚರುಗಳ ಅಣಕ ಮಾಡಿ ನಗಿಸುತ್ತಿದ್ದಳು. ನಾನು ಸುಖವಾಗಿದ್ದೆ.

ಆಯ್ಕೆಗೆ ಹತ್ತು ದಿನವಿದ್ದಾಗ ಅವಳು ಎಡಗೈಯಲ್ಲಿ ತಲೆ ಬಾಚುತ್ತಿದ್ದದ್ದು ತಂಗಿಯ ಕಣ್ಣಿಗೆ ಬಿತ್ತು. ಮೂವರೂ ಡಾಕ್ಟರ ಎದುರು ಕೂತೆವು. ಬಲ ಮೊಣಕೈ ಊದಿತ್ತು.

"ದಿನಕ್ಕೆ ಎಷ್ಟು ಎಸೀತೀಯಮ್ಮ?" ಎಂದರು ಡಾಕ್ಟರು.

"ನಲವತ್ತು," ಎಂದಳು ಹುಡುಗಿ, ನನ್ನ ಕಡೆ ನೋಡದೆ.

"ಅಷ್ಟಕ್ಕೆಲ್ಲ ಹೀಗಾಗಬಾರದು. ಮೂಳೆಯಲ್ಲೇ ಏನಾದ್ರೂ ದೋಷ ಇದ್ರೆ ಆಟಾನೇ ಬಿಡಬೇಕಾಗುತ್ತೆ."

ನಾನು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡೆ. "ನಲವತ್ತಲ್ಲ ಡಾಕ್ಟ್ರೇ, ತೊಂಬತ್ತು. ತಪ್ಪು ನಂದು. ಬೇಗ ಮುಗಿದ್ರೆ ನಾನು ಮನೆಗೆ ಹೋಗ್ಬೇಕಿತ್ತು."

ತಂಗಿ ನೋಡಿದ ನೋಟಕ್ಕಿಂತ ಎರಡು ಬಾರಿಸಿದ್ದರೆ ವಾಸಿಯಿತ್ತು. ಹಾಗಾದರೆ ಇದು ತೋಳು ದಣಿದದ್ದೇ ಇರಬೇಕು, ಮೂರು ತಿಂಗಳು ಚೆಂಡು ಮುಟ್ಟದಿದ್ದರೆ ಮತ್ತೆ ಆಡಬಹುದು ಎಂದರು ಡಾಕ್ಟರು. ಈ ವರ್ಷದ ಆಯ್ಕೆ ಕೈತಪ್ಪಿತು.

ತಂಗಿ ಔಷಧಿ ತರಲು ಹೋದಾಗ ಹೊರಗಿನ ಬೆಂಚಿನ ಮೇಲೆ ನಾವಿಬ್ಬರೇ ಕೂತಿದ್ದೆವು. "ತಪ್ಪಾಯ್ತು ಕಣಮ್ಮ," ಎಂದೆ. ಅವಳು ತೋಳಿನ ಪಟ್ಟಿ ಸರಿಮಾಡಿಕೊಂಡಳು.

"ಬಿಡು ಮಾವ. ನಂಗೆ ಗುರಿ ಸಿಕ್ಕಿ ಎಷ್ಟೋ ದಿನ ಆಗಿತ್ತು. ನಲವತ್ತಕ್ಕೆ ನಲವತ್ತೂ ಒಳಗೇ ಹಾಕ್ಬಹುದಿತ್ತು. ಮನೆಗೆ ಹೊರಡುವಾಗ ನಿನ್ನ ಮುಖ ನೋಡೋಕಾಗ್ತಿರಲಿಲ್ಲ, ಅದಕ್ಕೇ ಬೇಕಂತ ಹೊರಗೆ ಎಸೀತಿದ್ದೆ."