ಅಗಸಿ ಭಾಳ ಹಳೇದ್ರಿ

ಸರಕಾರದ ಮಟ್ಟದಲ್ಲಿ ವಿಚಾರವಾಗಬೇಕಾದ ಘನಗಂಭೀರ ಸಂಗತಿಯೆಂದರೆ ಶಾಲಾ ಇನ್‌ಸ್ಪೆಕ್ಟರ್ ಸಾಹೇಬರ ಎಡಗಾಲಿನ ಬೂಟಿನ ಕಸಿ ಬಿಚ್ಚಿದೆ, ವನದುರ್ಗದ ಕೋಟೆಗೋಡೆಯ ಮೇಲೆ ಅದು ಹಾವಿನ ಮರಿಯ ಹಾಗೆ ಅವರ ಹಿಂದೆಯೇ ಬರುತ್ತಿದೆ, ಹೇಳಬೇಕು, ಆದರೆ ಯಾವ ಕನ್ನಡದಲ್ಲಿ — ಕಸಿ ಅಂದರೆ ಆ ಕಡೆಯವರಿಗೆ ಮಾವಿನ ಗಿಡ ನೆನಪಾಗುತ್ತದಂತೆ, ಮೊನ್ನೆ ನಮ್ಮ ಶಾಲೆಯ ಇನ್ನೊಬ್ಬ ಮಾಸ್ತರ ಮನ್ಸೂರಅಲಿ ಹೇಳಿದ, ಅವನು ಅರ್ಥಕೋಶ ಓದುತ್ತಾನೆ, ನಾನು ಓದುವುದಿಲ್ಲ, ನನಗೇಕೆ, ನಾನು ಕನ್ನಡದಲ್ಲೇ ಹುಟ್ಟಿದವನು — ಅಷ್ಟರಲ್ಲಿ ಅವನೇ ಮುಂದೆ ಬಾಗಿ, ಸಾಹೇಬರೇ, ತಮ್ಮ ಪಾದರಕ್ಷೆಯ ದಾರ ಸಡಿಲಾಗಿದೆ, ಎಂದ. ಭಲೆ, ಪಾದರಕ್ಷೆ, ಆ ಶಬ್ದ ಈ ಊರಿನಲ್ಲಿ ಕಾಲಿಟ್ಟಿದ್ದು ಇವತ್ತೇ ಇರಬೇಕು. ಸೊಗಸಾಗಿ ಮಾತಾಡ್ತೀರಲ್ಲ ಮೇಷ್ಟ್ರೇ, ಎಂದರು ಸಾಹೇಬರು, ಅವನಿಗೆ, ನನಗಲ್ಲ.

ಸಾಹೇಬರು ಕೊಳ್ಳೇಗಾಲದವರು, ಪೊಲೀಸ್ ಆ್ಯಕ್ಷನ್ ಆದ ಮೇಲೆ ಮದ್ರಾಸು ಸರಕಾರದಿಂದ ನಮಗೆ ಎರವಲು ಬಂದವರು, ಬೆಳಿಗ್ಗೆ ಶಾಲೆಯ ತಪಾಸಣೆ ಅರ್ಧ ತಾಸಿನಲ್ಲಿ ಮುಗಿಸಿ, ಬರುವ ಜೂನಿನಿಂದ ಇದು ಕನ್ನಡ ಶಾಲೆ, ಒಬ್ಬ ಮೇಷ್ಟ್ರು ಸಾಕು, ಇನ್ನೊಬ್ಬರು ಯಾದಗಿರಿಯ ಉರ್ದು ಶಾಲೆಗೆ, ಯಾರು ಅನ್ನೋದು ಹೊರಡುವಾಗ ಹೇಳ್ತೀನಿ, ಮೊದಲು ನಿಮ್ಮ ಕೋಟೆ ತೋರಿಸಿ, ಎಂದರು, ಹೇಳಿ ಎಲೆಅಡಿಕೆ ಹಾಕಿಕೊಂಡರು, ನಮ್ಮಿಬ್ಬರ ಹಣೆಬರಹ ಅವರ ದವಡೆಯಲ್ಲಿ ನುರಿಯುತ್ತಿರುವಾಗ ನಾನು ಮನ್ಸೂರಅಲಿಗಾಗಿ ಮರುಗುತ್ತಿದ್ದೆ, ಪಾಪ, ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಯಾದಗಿರಿಗೆ ಹೋಗಬೇಕಲ್ಲ ಎಂದು. ಹದಿನೆಂಟು ವರ್ಷ ನಾನು ಇದೇ ಹಲಗೆಯ ಮೇಲೆ ಉರ್ದುವಿನ ಅಲಿಫ್, ಬೇ ಬರೆದವನು, ಮನೆಯಲ್ಲಿ ನೀರು ಕುಡಿಯುವ ಹುಡುಗರು ಶಾಲೆಯಲ್ಲಿ ಪಾನಿ ಬೇಡುವುದನ್ನು ಕೇಳಿದವನು, ಅಪ್ಪ ಉಸುಕಿನಲ್ಲಿ ಬೆರಳು ಹಿಡಿದು ತಿದ್ದಿಸಿದ ಅ ಬೆರಳಿನಲ್ಲೇ ಉಳಿದುಬಿಟ್ಟಿದೆ, ಜೂನಿನ ಮೊದಲನೆಯ ದಿನ ಅದನ್ನು ಹಲಗೆಯ ತುಂಬ ಬರೆಯಬೇಕು, ನನಗೆ ಬೇಕಾದದ್ದು ಇಷ್ಟೇ, ಮನ್ಸೂರಅಲಿಗೂ ಕನ್ನಡ ಬರುತ್ತದೆ ನಿಜ, ಆ್ಯಕ್ಷನ್ ಆದ ಮರುವಾರವೇ ಪಾಟಿ ಹಿಡಿದು ನನ್ನ ಮನೆಗೆ ಬಂದ, ಕಲಿಸಿ ಭಗವಂತರಾಯರೆ, ಇಲ್ಲಾಂದ್ರ ನೌಕರಿ ಹೋಗ್ತದ, ಕಲಿಸಿದೆ, ಅತಿಥಿಗೆ ಹರಕು ಚಾಪೆ ಹಾಸುತ್ತೇವೆಯೇ, ಪುಸ್ತಕದ ಅಚ್ಚಿನ ಶಬ್ದಗಳನ್ನೇ ಆರಿಸಿ ಆರಿಸಿ ಕೊಟ್ಟೆ.

ಹುಡೇವು, ಕೋಟೆಯ ಆ ಎತ್ತರದ ಬುರುಜು, ಹತ್ತಿಸಿದೆವು, ಸಾಹೇಬರು ತೋಪಿನ ಮೇಲೆ ಕೈಯಿಟ್ಟು, ಕಾದಿದೆ ಎಂದು ಕೈ ತೆಗೆದರು, ಕಂದಕ ನೋಡಿದರು, ನೀರಿಲ್ಲವಲ್ಲ ಅಂದರು, ಒಂದು ಮೂಲ್ಯಾಗ ಐತ್ರಿ, ಅಂದೆ, ಮೂಲವ್ಯಾಧಿ ಹೆಸರು ಕೇಳಿದವರ ಹಾಗೆ ನನ್ನನ್ನು ನೋಡಿದರು, ಇರಲಿ, ಅಗಸಿಯನ್ನು, ಎರಡಾಳೆತ್ತರದ ಆ ಕೋಟೆಬಾಗಿಲನ್ನು, ಊಟದಲ್ಲಿ ಹೋಳಿಗೆ ಉಳಿಸಿಕೊಂಡ ಹಾಗೆ ಕೊನೆಗೆ ಉಳಿಸಿಕೊಂಡಿದ್ದೆ. ಎದುರಿಗೆ ನಿಲ್ಲಿಸಿ, ಅಗಸಿ ನೋಡ್ರಿ ಸಾಹೇಬ್ರ, ಎಂದೆ. ಬಾಗಿಲು ತೆರೆದಿತ್ತು, ಅದರಾಚೆ ಕಂದಕದ ನೀರಿನ ಮೂಲೆಯಲ್ಲಿ ಮಡಿವಾಳರ ಮೌನಮ್ಮ ಸೀರೆಯೊಂದನ್ನು ತಲೆಯ ಮೇಲಕ್ಕೆತ್ತಿ ಕಲ್ಲಿಗೆ ಬಡಿಯುತ್ತಿದ್ದಳು. ನೋಡಿದೆ, ಏನೀಗ, ಎಂದರು. ಅಗಸಿ ಭಾಳ ಹಳೇದ್ರಿ, ಎಂದೆ, ನಮ್ಮ ಮುತ್ತ್ಯಾನ ಮುತ್ತ್ಯಾ ಇದ್ದಾಗಿಂದ ಹಿಂಗ ನಿಂತೈತಿ, ಮೈತುಂಬ ಮೊಳಿ ಬಡದಾರ್ರಿ, ಆನಿ ಬಂದು ಗುದ್ದಿದ್ರೂ ಏನೂ ಆಗಬಾರದಂತ. ಸಾಹೇಬರು ಒಂದು ಹೆಜ್ಜೆ ಹಿಂದೆ ಸರಿದರು. ಯಾರ್ರೀ ಬಡಿದದ್ದು? ರಾಜರ ಬಡಗ್ಯಾರ್ರಿ, ಮೊದಲೆಲ್ಲಾ ಸಂಜಿಗಿ ಅಡ್ಡ ತೊಲಿ ಜಡದು ಕೀಲಿ ಹಾಕತಿದ್ರಿ, ಈಗ ಯಾರೂ ಕೇಳೂದಿಲ್ಲ, ಬಂದ ಬಂದವರೆಲ್ಲಾ ಹಾದು ಹೋಗ್ತಾರ. ಛೆ, ಛೆ, ಏನು ಮಾತ್ರೀ ಇದು, ಎಂದರು, ಮುಖ ಕೆಂಪಾಗಿತ್ತು, ಹಳೆಯ ಕಟ್ಟಿಗೆಯ ಮೇಲೆ ಇಷ್ಟು ಕರುಣೆಯಿರುವ ಅಧಿಕಾರಿಯನ್ನು ನಾನು ಕಂಡಿರಲಿಲ್ಲ. ಅಲ್ಲಿಂದ ಮೌನಮ್ಮ ಕೂಗಿದಳು, ಮಾಸ್ತರ, ಅವರ್ಯಾಕ ನನ್ನ ದಿಟ್ಟಿಸಿ ನೋಡಾಕತ್ತಾರ, ಅರಬಿ ಅದಾವೇನು? ಸಾಹೇಬರು ಮೆಲ್ಲಗೆ, ಆಕೆಗೆ ಅರಬ್ಬಿ ಬೇರೆ ಬರುತ್ತಾ, ಎಂದರು.

ಮನ್ಸೂರಅಲಿ ನಗಲಿಲ್ಲ, ಅವನಿಗೆ ಎಲ್ಲ ತಿಳಿದುಹೋಯಿತು, ನನ್ನನ್ನು ಉಳಿಸಲೆಂದೇ ಮುಂದೆ ಬಂದ, ಅದು ನನಗೆ ಗೊತ್ತು, ಅದನ್ನು ಎಂದೂ ಮರೆಯಬಾರದು, ಕ್ಷಮಿಸಬೇಕು ಸಾಹೇಬರೇ, ಅರಬಿ ಎಂದರೆ ಬಟ್ಟೆ, ಅಗಸಿ ಎಂದರೆ ಹೆಬ್ಬಾಗಿಲು, ಆ ಹೆಣ್ಣುಮಗಳಲ್ಲ. ಹೆಬ್ಬಾಗಿಲು! ಎಂದರು ಸಾಹೇಬರು, ಕಳೆದ ಉಂಗುರ ಸಿಕ್ಕಿದವರ ಹಾಗೆ, ಹಾಗೆ ಹೇಳಬೇಕಪ್ಪ, ನನ್ನ ಕಡೆ ತಿರುಗಿ, ನಿಮ್ಮ ಮಾತೃಭಾಷೆ ಯಾವುದು, ತೆಲುಗೇ? ಕನ್ನಡಾರಿ, ನಮ್ಮ ಮನಿ ಮಾತೇ ಇದರಿ. ಮನೆ ಮಾತು ಮನೇಲಿರಲಿ ಮೇಷ್ಟ್ರೇ, ಶಾಲೆಗೆ ಕನ್ನಡ ಬೇಕು. ಹುಜೂರ್, ಎಂದ ಮನ್ಸೂರಅಲಿ, ಗಾಬರಿಗೆ ಅರ್ಥಕೋಶ ಕೈಬಿಟ್ಟಿತ್ತು, ಇವರೇ ನನ್ನ ಉಸ್ತಾದ್, ಇವರೇ ಕಲಿಸ್ಯಾರ. ಗುರುವನ್ನು ಮೀರಿಸಿದ ಶಿಷ್ಯ, ಎಂದು ಸಾಹೇಬರು ಅವನ ಬೆನ್ನು ತಟ್ಟಿ ಕಿಸೆಯಿಂದ ಪುಸ್ತಕ ತೆಗೆದರು, ಹೇಳಬೇಕು, ಏನಾದರೂ ಹೇಳಬೇಕು, ಬಾಯಲ್ಲಿ ಬರುತ್ತಿರುವುದೆಲ್ಲ ನನ್ನ ಮಾತೇ, ಒಂದಾದರೂ ಅವರದಲ್ಲ, ಬಾಗಿಲಾಚೆ ಮೌನಮ್ಮನ ಸೀರೆ ಮೇಲೇಳುತ್ತದೆ, ಕಲ್ಲಿಗೆ ಬೀಳುತ್ತದೆ, ಮೇಲೇಳುತ್ತದೆ, ಪೆನ್ಸಿಲ್ಲು ಕಾಗದದ ಮೇಲೆ ಕರಕರ ಅನ್ನುತ್ತದೆ, ಸೀರೆ ಮೇಲೆದ್ದಿದೆ, ನೀರು ಸುರಿಯುತ್ತಿದೆ, ಸೀರೆ ಮೇಲೆದ್ದಿದೆ —

ವನದುರ್ಗದ ಕನ್ನಡ ಶಾಲೆಗೆ ಮನ್ಸೂರಅಲಿ, ಯಾದಗಿರಿಯ ಉರ್ದು ಶಾಲೆಗೆ ನಾನು.