ಅವ್ವನ ಕರಡಿಗೆ

ಬಾಡಿಗೆಗೆ ತಂದ ಆರ್‌ವಿಯನ್ನು, ಮಲಗಲು ಅಡುಗೆಗೆ ಎಲ್ಲ ಇರುವ ಆ ಮನೆಯಂಥ ಗಾಡಿಯನ್ನು, ನ್ಯೂಯಾರ್ಕಿನ ಉತ್ತರದ ಸಣ್ಣ ಊರೊಂದರ ಗ್ಯಾಸ್ ಸ್ಟೇಷನ್ನಿನಲ್ಲಿ ನಿಲ್ಲಿಸಿದೆ. ಒಳಗೆ ಪೂಜೆಗೆ ಕೂತ ಎಪ್ಪತ್ತೆಂಟರ ಅವ್ವ ಕೊರಳು ಮುಟ್ಟಿಕೊಂಡಳು. ಇಷ್ಟಲಿಂಗದ ಬೆಳ್ಳಿ ಕರಡಿಗೆ ಅಲ್ಲಿರಲಿಲ್ಲ.

ಬೆಳಿಗ್ಗೆ ಸ್ನಾನಕ್ಕೆ ಹೋದಾಗ ನಾವು ರಾತ್ರಿ ತಂಗಿದ್ದ ಕ್ಯಾಂಪ್‌ಗ್ರೌಂಡಿನ ಬಚ್ಚಲ ಮೊಳೆಗೆ ಹಾಕಿ ಮರೆತಿದ್ದಳಂತೆ. ಪೂಜೆ ಮುಂದಿನ ಊರಲ್ಲಿ ಮಾಡಿಕೋ ಎಂದು ಅವಸರ ಮಾಡಿದವನು ನಾನೇ. ಲಿಂಗಪೂಜೆಯಾಗದೆ ಅವಳು ಹನಿ ನೀರೂ ಮುಟ್ಟುವವಳಲ್ಲ.

ಫೋನ್ ಮಾಡಿದೆ. ಅಲ್ಲಿಯ ಮ್ಯಾನೇಜರ್ ಕರಡಿಗೆ ಸಿಕ್ಕಿತೆಂದ. ಬುಕಿಂಗ್‌ನಲ್ಲಿದ್ದ ವಿಳಾಸ ನೋಡಿ ಆಗಲೇ ನಮ್ಮ ಸಮರ್‌ಸೆಟ್ ಮನೆಗೆ ಪೋಸ್ಟ್ ಮಾಡಿಬಿಟ್ಟಿದ್ದನಂತೆ, ಮಂಗಳವಾರ ತಲುಪುತ್ತದಂತೆ. ಅವನ ಒಳ್ಳೆಯತನಕ್ಕಿಷ್ಟು ಬೆಂಕಿ ಬೀಳಲಿ, ಇವತ್ತಿನ್ನೂ ಶನಿವಾರ.

“ಮಂಗಳವಾರ ಬರ್ತದಂತವ್ವ,” ಎಂದು ನೀರಿನ ಬಾಟಲಿ ಚಾಚಿದೆ.

ಅವಳು ಅದರ ಮುಚ್ಚಳ ತೆಗೆದು ನನ್ನ ಕೈಗೇ ಕೊಟ್ಟಳು. “ನೀ ಕುಡಿ. ಗಾಡಿ ಹೊಡ್ಯಾಂವ ನೀನು.”